ಬಸುವಿನ ಮಾರಿಗೆ ಬಿಸಿಲು ತಾಗದ ತಿಂಗಳು

ಮೊನ್ನೆ ಭಾನುವಾರ ನಸುಕಿನಲ್ಲಿ ನಮ್ಮ ಪಡಸಾಲೆಯಲ್ಲಿ ಒಂದು ವಾಸನೆ ಬಂತು. ಕೊಬ್ಬರಿ ಎಣ್ಣೆಗೆ ಯಾರೋ ಸೌತೆಕಾಯಿ ಹಿಂಡಿ, ಅದರ ಮೇಲೆ ಆಸ್ಪತ್ರೆಯ ಗಾಳಿ ಊದಿದ ಹಾಗಿತ್ತು. ನೋಡಿದರೆ ನಮ್ಮಣ್ಣನ ಮಗಳು ಕನ್ನಡಿಯ ಮುಂದೆ ನಿಂತು ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳುತ್ತಿದ್ದಳು. ಕಾಲೇಜಿನವರೆಲ್ಲ ಸೇರಿ ಗುಡ್ಡ ಹತ್ತಲು ಹೊರಟಿದ್ದರಂತೆ. ಎತ್ತರಕ್ಕೆ ಹೋದಷ್ಟೂ ಬಿಸಿಲು ಹೆಚ್ಚು ಸುಡುತ್ತದೆ, ಹೊರಡುವ ಮೊದಲೇ ಹಚ್ಚಬೇಕು, ಬೆವತ ಮೇಲೆ ಮತ್ತೆ ಹಚ್ಚಬೇಕು, ಕಿವಿ ಕುತ್ತಿಗೆ ಮರೆಯಬಾರದು ಎಂದು ನನಗೊಂದು ಪಾಠವನ್ನೂ ಒಪ್ಪಿಸಿದಳು. ಕಿವಿಯ ಮಾತು ಬಂದದ್ದೇ ತಡ, ನನಗೆ ನಗು ತಡೆಯಲಾಗಲಿಲ್ಲ. ತನ್ನನ್ನೇ ನೋಡಿ ನಗುತ್ತಿದ್ದಾಳೆ ಈ ಅತ್ಯಾ ಎಂದು ಹುಡುಗಿ ಸಿಟ್ಟಾಗಿ ಚಹಾ ಸಹ ಕುಡಿಯದೆ ಹೋದಳು. ಪಾಪ, ಅವಳಿಗೇನು ಗೊತ್ತು! ನಾನು ನೋಡುತ್ತಿದ್ದದ್ದು ಅವಳನ್ನಲ್ಲ, ನಮ್ಮ ದೊಡ್ಡವ್ವನನ್ನು.

ಕತೆ ಹೇಳುವ ಮೊದಲು ನಮ್ಮ ಸೀಮೆಯ ಬಣ್ಣದ ವಿಚಾರ ನಿಮಗೆ ತಿಳಿಸಬೇಕು. ನಮ್ಮ ಬೈಲಹೊಂಗಲ ಸೀಮೆಯಲ್ಲಿ ಕರಿ ಭೂಮಿ ಇದೆ, ಕರಿ ಎಮ್ಮೆ ಇದೆ, ಕರಿ ಕಂಬಳಿ ಇದೆ. ಕರಿ ಮನುಷ್ಯ ಮಾತ್ರ ಹುಡುಕಿದರೂ ಸಿಗುವುದಿಲ್ಲ. ಇರುವವರೆಲ್ಲ ಗೋಧಿ ಬಣ್ಣದವರು, ಇಲ್ಲವೇ ಎಣ್ಣೆಗೆಂಪಿನವರು. ತೀರ ಕೈಮೀರಿದರೆ 'ಕೆಂಪೇ ಇದ್ದ, ಬಿಸಿಲಿಗೆ ಹಂಗಾಗ್ಯಾನ' ಎನ್ನುತ್ತಾರೆ. ನನ್ನ ಲಗ್ನದ ಕಾಲಕ್ಕೆ ನನ್ನನ್ನೂ ಗೋಧಿ ಬಣ್ಣ ಎಂದೇ ಹೇಳಿ ದಾಟಿಸಿದ್ದರು. ಅದು ಯಾವ ಊರಿನ ಗೋಧಿಯೋ, ನಮ್ಮ ಯಜಮಾನರು ಇನ್ನೂ ಹುಡುಕುತ್ತಿದ್ದಾರೆ.

ದೊಡ್ಡಪ್ಪನ ಮಗ ಬಸು ಮೂವತ್ತು ದಾಟಿದ್ದ. ಸವದತ್ತಿ ದಾರಿಯ ಹಳ್ಳಿಯಲ್ಲಿ ಅವರ ಹೊಲ, ಕಬ್ಬು, ಬೋರು ಎಲ್ಲವೂ ಇದ್ದವು. ಇಲ್ಲದ್ದು ಕನ್ಯೆ ಒಂದೇ. ಒಕ್ಕಲುತನದ ಹುಡುಗ ಎಂದರೆ ಈಗ ಹೆಣ್ಣಿನವರು ಇಟ್ಟ ಚಹಾ ಕೂಡ ಮುಟ್ಟದೆ ಏಳುತ್ತಾರೆ. ನಾಲ್ಕಾರು ಕಡೆಯಿಂದ ಹಾಗೆಯೇ ಆಗಿತ್ತು. ಬಸು ಗೆಳೆಯರ ಲಗ್ನಕ್ಕೆ ಹೋಗುವುದನ್ನು ಬಿಟ್ಟುಬಿಟ್ಟಿದ್ದ. ದೊಡ್ಡವ್ವ ಅದನ್ನು ನೋಡಿ ನೋಡಿ ಊಟ ಬಿಡುವ ಹಂತಕ್ಕೆ ಬಂದಳು. ಕಡೆಗೆ ಅವಳೇ ಒಂದು ಹುದ್ದೆ ಸೃಷ್ಟಿಸಿದಳು. ದುಡಿಯುವುದೆಲ್ಲ ಆಳುಗಳು, ಬಸು ಬರೇ ಉಸ್ತುವಾರಿ! ರಾಮದುರ್ಗದಲ್ಲಿ ದವಾಖಾನೆಯ ನರ್ಸ್ ಆಗಿದ್ದ ಮಹಾದೇವಿ ಎಂಬ ಹುಡುಗಿಯ ಮನೆಗೆ ಮಧ್ಯಸ್ಥರ ಮೂಲಕ ಹೋದದ್ದು ಈ ಸುದ್ದಿಯೇ.

ಸುದ್ದಿಯ ಬೆನ್ನಿಗೆ ಫೋಟೊ ಹೋಗಬೇಕಲ್ಲ. ಸ್ಟುಡಿಯೋದವನಿಗೆ ದೊಡ್ಡವ್ವ, 'ಸ್ವಲ್ಪ ಬೆಳ್ಳಗ ಮಾಡಪಾ' ಎಂದಿದ್ದಳು. ಅವನು ಧರ್ಮಾತ್ಮ, ಕಂಪ್ಯೂಟರಿನಲ್ಲಿ ಬಸುವಿನ ಮುಖವನ್ನು ಹಾಲಿನಲ್ಲಿ ಅದ್ದಿ ತೆಗೆದ. ಕಿವಿ ಮಾತ್ರ ಮರೆತ. ಹೀಗಾಗಿ ಆ ಫೋಟೊದಲ್ಲಿ ಯಾವುದೋ ಸಾಹುಕಾರನ ಮುಖಕ್ಕೆ ನಮ್ಮ ಬಸುವಿನ ಕಿವಿಗಳು ಹತ್ತಿಕೊಂಡಿದ್ದವು. ಹುಡುಗಿಯ ಕಡೆಯಿಂದ 'ನೋಡೋಣ' ಎಂದು ಹೇಳಿಕಳಿಸಿದಾಗ ದೊಡ್ಡವ್ವ ಮೊದಲು ಹಿಗ್ಗಿದಳು, ಆಮೇಲೆ ಹೆದರಿದಳು. ಫೋಟೊಕ್ಕೂ ಮನುಷ್ಯನಿಗೂ ಇರುವ ಅಂತರ ಕಡಿಮೆ ಮಾಡಲು ಅವಳ ಕೈಯಲ್ಲಿ ಉಳಿದದ್ದು ಒಂದು ತಿಂಗಳು.

ಮರುದಿನದಿಂದಲೇ ಬಸುವಿಗೆ ಬಿಸಿಲು ಬಂದ್ ಆಯಿತು. ಅಂಗಳಕ್ಕೆ ಇಳಿಯುವುದಿದ್ದರೆ ತಲೆಯ ಮೇಲೆ ಟಾವೆಲ್ಲು. ಬೆಳಿಗ್ಗೆ ಕಡಲೆಹಿಟ್ಟು, ಸಂಜೆ ಮೊಸರು. ಹಣೆಯ ಮೇಲೆ ರುಮಾಲು ಕೂರುವ ಜಾಗದಿಂದ ಮೇಲೆ ಒಂದು ಬಣ್ಣ, ಕೆಳಗೊಂದು ಬಣ್ಣ ಇತ್ತು. ಆ ಗಡಿ ಅಳಿಸಲಿಕ್ಕೆಂದೇ ಅರ್ಧ ಡಜನ್ ನಿಂಬೆಹಣ್ಣು ಹಾಳಾದವು. ಆಗ ಶಿವರಾತ್ರಿ ಮುಗಿದು ಬಿಸಿಲು ಬಲಿತಿತ್ತು. ಕರೆಂಟಿನವರು ಪಂಪಿಗೆ ತ್ರೀಫೇಸ್ ಬಿಡುತ್ತಿದ್ದದ್ದು ಸರಿಯಾಗಿ ನಡುಮಧ್ಯಾಹ್ನ. ಕಬ್ಬಿಗೆ ನೀರು ಹಾಯಿಸಬೇಕೆಂದರೆ ಆ ಹೊತ್ತಿಗೇ ಹೊಲದಲ್ಲಿ ನಿಲ್ಲಬೇಕು. ಆಳುಗಳೇನೋ ದೊಡ್ಡವ್ವನ ಮಾತಿನಲ್ಲಿ ಬೇಕಾದಷ್ಟಿದ್ದರು, ಹೊಲದಲ್ಲಿ ಒಬ್ಬರೂ ಇರಲಿಲ್ಲ. ದೊಡ್ಡಪ್ಪ ಮಗನ ಸಲಿಕೆ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ. ನಾನು ವಾರಕ್ಕೊಮ್ಮೆ ಹೋಗಿ ಬಸುವಿನ ಬಣ್ಣದ ಪ್ರಗತಿಯನ್ನು ಕಿಟಕಿಯ ಬೆಳಕಿನಲ್ಲಿ ಪರೀಕ್ಷಿಸಿ ಬರುತ್ತಿದ್ದೆ.

ಇಷ್ಟೆಲ್ಲ ಸಾಂಗವಾಗಿ ನಡೆದಿರುವಾಗ ರಾಮದುರ್ಗದಿಂದ ಸಿಡಿಲಿನಂಥ ನಿರೋಪ ಬಂತು. ಚಾಪೆಯ ಮೇಲೆ ಕುಳಿತು ಉಪ್ಪಿಟ್ಟು ಶಿರಾ ಕೊಟ್ಟು ಕೊಟ್ಟು ತನಗೆ ಸಾಕಾಗಿದೆ, ಎರಡೂ ಊರಿಗೆ ನಡುವೆ ಆಗುವ ಸವದತ್ತಿಗೆ ಬರಲಿ, ಪರಸಗಡ ಕೋಟೆಯ ಗುಡ್ಡ ಹತ್ತುತ್ತ ಮಾತಾಡೋಣ, ಮನುಷ್ಯ ಹೇಗೆ ಎಂಬುದು ಏರಿನಲ್ಲಿ ತಿಳಿಯುತ್ತದೆ ಎಂದು ಹುಡುಗಿ ಹೇಳಿದ್ದಳು. ದೊಡ್ಡವ್ವ ಎದೆ ಹಿಡಿದುಕೊಂಡು ಕುಳಿತಳು. ನಸುಕಿನಲ್ಲಿ ಹತ್ತಿದರೆ ಹೇಗೆ ಎಂದು ಕೇಳಿಸಿದಳು. ಬಸ್ಸಿಳಿದು ಗುಡ್ಡದ ಬುಡಕ್ಕೆ ಬರುವುದರೊಳಗೆ ಹೊತ್ತು ನೆತ್ತಿಗೆ ಬಂದಿರುತ್ತದೆ ಎಂದು ಉತ್ತರ ಬಂತು.

ಆಗ ಬಂದದ್ದು ಸನ್‌ಸ್ಕ್ರೀನ್. ಮನೆತನದಲ್ಲಿ ಕಾಲೇಜು ಮೇಡಮ್ ನಾನೊಬ್ಬಳೇ ಆದ್ದರಿಂದ, ಕಲಿಸುವುದು ಇತಿಹಾಸವಾದರೂ ಚರ್ಮದ ವಿಷಯದಲ್ಲೂ ತಜ್ಞೆ ನಾನೇ ಆಗಿದ್ದೆ. ಔಷಧ ಅಂಗಡಿಯವನು ಎಂಥ ಚರ್ಮಕ್ಕೆ ಬೇಕು ಎಂದು ಕೇಳಿದ. ಕರಿ ಎರಿ ಹೊಲದ ಚರ್ಮಕ್ಕೆ ಎನ್ನಲು ನಾಚಿಕೆಯಾಗಿ, ದೊಡ್ಡ ಟ್ಯೂಬು ಯಾವುದಿದೆಯೋ ಅದನ್ನು ಕೊಡು ಎಂದೆ. ಮನೆಗೆ ತಂದು ಅದರ ಮೇಲಿನ ಇಂಗ್ಲಿಷ್ ಸೂಚನೆ ಓದಿ ಹೇಳಿದೆ, ಧಾರಾಳವಾಗಿ ಹಚ್ಚಬೇಕಂತೆ ಎಂದು. ದೊಡ್ಡವ್ವನಿಗೆ ಗೊತ್ತಿದ್ದ ಧಾರಾಳ ಒಂದೇ, ಹೋಳಿಗೆಯ ಮೇಲೆ ತುಪ್ಪ ಸುರಿಯುವ ಧಾರಾಳ. ಗೊತ್ತು ಮಾಡಿದ ದಿನ ಗುಡ್ಡದ ಬುಡದಲ್ಲಿ ಜೀಪಿನಿಂದ ಇಳಿದ ಬಸುವಿನ ಮುಖ ದೀಪಾವಳಿಗೆ ಸುಣ್ಣ ಬಳಿದ ಗೋಡೆಯಂತಿತ್ತು. ಸಾಲದ್ದಕ್ಕೆ, ಉಸ್ತುವಾರಿಯವರು ಗುಡ್ಡ ಹತ್ತುವಾಗ ದಮ್ಮು ಹತ್ತಿದವರಂತೆ ನಡುನಡುವೆ ನಿಲ್ಲಬೇಕು ಎಂದು ಅವ್ವನ ಅಪ್ಪಣೆಯಾಗಿತ್ತು.

ಮೊಣಕಾಲು ನೋವಿನ ದೊಡ್ಡವ್ವ ಕೆಳಗೆ ಹುಣಸೆಮರದ ನೆರಳಿಗೆ ಕುಳಿತಳು. ಹುಡುಗಿಯ ಅಣ್ಣ ಅವಳಿಗೆ ಜೊತೆಯಾದ. ಮಹಾದೇವಿ, ಬಸು, ಹಿಂದೆ ಟ್ಯೂಬು ಛತ್ರಿ ನೀರಿನ ಬಾಟಲಿ ಹಿಡಿದ ನಾನು, ಹೀಗೆ ಮೂವರು ಹೊರಟೆವು. ಹುಡುಗಿ ಲಕ್ಷಣವಾಗಿದ್ದಳು. ಯಾವ ಗೋಧಿಯ ತಂಟೆಗೂ ಹೋಗದ ಅಪ್ಪಟ ಕಪ್ಪು. ತಲೆಗೊಂದು ವೇಲು ಸುತ್ತಿಕೊಂಡು ಸರಸರ ಏರತೊಡಗಿದಳು. ಬಸು ಹತ್ತು ಹೆಜ್ಜೆ ಮಾತ್ರ ಉಸ್ತುವಾರಿಯಂತೆ ನಡೆದ. ಆಮೇಲೆ ಕಾಲು ಕೇಳಬೇಕಲ್ಲ! ಕಲ್ಲಿನಿಂದ ಕಲ್ಲಿಗೆ ಹೋತಿನ ಹಾಗೆ ಜಿಗಿದುಕೊಂಡು ಹೋಗಿಯೇ ಬಿಟ್ಟ. ಆ ದಿನ ದಮ್ಮು ಹತ್ತಿದವರ ಪಾತ್ರವನ್ನು ನಾನೊಬ್ಬಳೇ ಮನಮುಟ್ಟುವಂತೆ ನಿರ್ವಹಿಸಿದೆ.

ಅರ್ಧ ಏರಿನಲ್ಲಿ ಒಂದು ಬಂಡೆಯ ಹತ್ತಿರ ಅವರಿಬ್ಬರೂ ನಿಂತಿದ್ದರು. ನಾನು ಏದುಸಿರು ಬಿಡುತ್ತ ಬಂದು ನೋಡಿದರೆ ಬಸುವಿನ ಮುಖದ ಸುಣ್ಣವೆಲ್ಲ ಬೆವರಿನೊಂದಿಗೆ ಇಳಿಯುತ್ತಿದೆ. ಬಿಳಿಯ ನಡುವೆ ಸಾಲು ಸಾಲಾಗಿ ನಮ್ಮ ಮನೆತನದ ನಿಜವಾದ ಬಣ್ಣ ಕಾಣುತ್ತಿದೆ. ನಾನು ಗಡಬಡಿಸಿ ಟ್ಯೂಬು ತೆಗೆದೆ. ಹುಡುಗಿ ಅದನ್ನೂ ನೋಡಿದಳು, ಬಸುವಿನ ಅಂಗೈಯನ್ನೂ ನೋಡಿದಳು. ಸಲಿಕೆ ಹಿಡಿದು ಆ ಅಂಗೈಗೆ ಕಟ್ಟಿದ ಜಡ್ಡು ಯಾವ ಕಡಲೆಹಿಟ್ಟಿಗೂ ಬಗ್ಗುವಂಥದ್ದಲ್ಲ.

"ಮಾರಿಗಿ ಹಚ್ಚೀರಿ, ಕೈಗೆ ಹಚ್ಚಿಲ್ಲಲ್ರಿ," ಎಂದಳು. ಬಸು ಕೈ ಹಿಂದೆ ಕಟ್ಟಿಕೊಂಡ. ಹೊಲಕ್ಕೆ ಹೋಗದೆ ಎಷ್ಟು ದಿನವಾಯಿತು ಎಂದು ಕೇಳಿದಳು. ನಮ್ಮ ಬಸುವಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದಕ್ಕೇ ದೊಡ್ಡವ್ವ ಅವನ ಪರವಾಗಿ ಹೇಳುತ್ತಾಳೆ. ತಿಂಗಳಾಯಿತು ಎಂದುಬಿಟ್ಟ.

"ಹಂಗಾರ ಕಬ್ಬಿಗೆ ನೀರ ಯಾರು ಹಾಯಸಾಕತ್ತಾರ?"

"ಅಪ್ಪಾ."

"ಅಪ್ಪಾರ ಮಾರಿ ಸುಟ್ರ ನಡೀತೈತೇನ್ರಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಎಲ್ಲಿ ನೋವು ಎಂದು ರೋಗಿಯನ್ನು ಕೇಳಿದ ಹಾಗೆ ಕೇಳಿದ್ದಳು. ಬಸು ನನ್ನ ಕೈಯಿಂದ ನೀರಿನ ಬಾಟಲಿ ಕಸಿದುಕೊಂಡು ಮುಖದ ಮೇಲೆ ಸುರುವಿಕೊಂಡು, ಟಾವೆಲ್ಲಿನಿಂದ ತಿಕ್ಕಿ ತಿಕ್ಕಿ ಒರೆಸಿಕೊಂಡ. ನನಗೆ ತಿಂಗಳ ಕಷ್ಟ ನೀರುಪಾಲಾಯಿತಲ್ಲ ಎಂಬ ಸಂಕಟ ಒಂದಾದರೆ, ಈ ಸಂಬಂಧವೂ ಹೋಯಿತು, ಇನ್ನು ಇವನು ಮತ್ತೊಂದು ಸಲ ಯಾರ ಮುಂದೂ ಬಂದು ನಿಲ್ಲುವುದಿಲ್ಲ ಎಂಬ ಹೆದರಿಕೆ ಇನ್ನೊಂದು. ಮಹಾದೇವಿ ಹೂಂ ಎನ್ನಲಿಲ್ಲ, ಒಲ್ಲೆ ಎನ್ನಲಿಲ್ಲ. ನಿಮ್ಮನ್ನು ನೋಡಿದ್ದಾಯಿತು, ಮುಂದಿನ ಭಾನುವಾರ ಬಂದು ನಿಮ್ಮ ಅಪ್ಪನನ್ನು ನೋಡುತ್ತೇನೆ, ಮನೆಗಲ್ಲ ಹೊಲಕ್ಕೇ ಬರುತ್ತೇನೆ ಎಂದು ಹೇಳಿ ಇಳಿದು ಹೋದಳು.

ಬುದ್ಧಿ ಇದ್ದವರಿಗೆ ಇದರ ಅರ್ಥ ತಿಳಿಯುತ್ತಿತ್ತು. ನಮ್ಮ ಮನೆತನಕ್ಕೆ ತಿಳಿಯಲಿಲ್ಲ. ದೊಡ್ಡವ್ವ ಎರಡು ದಿನ ವಿಚಾರ ಮಾಡಿ ಗುಟ್ಟು ಒಡೆದಳು. ಹುಡುಗಿ ಬಲು ಜಾಣೆ, ಹೋರಿ ಕೊಳ್ಳುವವರು ತಳಿ ನೋಡುವ ಹಾಗೆ ಮಾವನ ಬಣ್ಣ ನೋಡಿ ಹೋಗಲು ಬರುತ್ತಿದ್ದಾಳೆ, ಮಗ ಮುದುಕನಾದಾಗ ಎಷ್ಟು ಕರ್ರಗಾಗುತ್ತಾನೆ ಎಂಬ ಲೆಕ್ಕ ಅವಳದು ಎಂದಳು. ನಾನೂ ಇತಿಹಾಸ ಓದಿದವಳು, ಇರಬಹುದು ಎಂದೆ. ಟ್ಯೂಬಿನಲ್ಲಿ ಇನ್ನೂ ಅರ್ಧಕ್ಕೆ ಹೆಚ್ಚು ಉಳಿದಿತ್ತು.

ಇತ್ತ ಬಸು ಗುಡ್ಡ ಇಳಿದ ಮರುದಿನವೇ ಅಪ್ಪನ ಹೆಗಲಿನಿಂದ ಸಲಿಕೆ ಕಸಿದುಕೊಂಡು ಹೊಲಕ್ಕೆ ಹೋಗಿದ್ದ. ಅವನನ್ನು ತಡೆಯುವ ಧೈರ್ಯ ದೊಡ್ಡವ್ವನಿಗೆ ಆಗಲಿಲ್ಲ. ದೊಡ್ಡಪ್ಪ ಮಾತ್ರ ಸಿಕ್ಕಿಬಿದ್ದ. ಜನ್ಮದಲ್ಲಿ ವಿಭೂತಿ ಬಿಟ್ಟು ಬೇರೇನೂ ಹಚ್ಚದ ಮನುಷ್ಯ ಭಾನುವಾರ ಬೆಳಿಗ್ಗೆ ಕಣ್ಣು ಮುಚ್ಚಿ ಕುಳಿತು ಹಚ್ಚಿಸಿಕೊಂಡ. ಮಗನ ಲಗ್ನದ ಮಾತಾಗಿರದಿದ್ದರೆ ಎದ್ದು ಹೊಲದ ಕಡೆ ಓಡುತ್ತಿದ್ದ. ಆಮೇಲೆ ಅದರ ಮೇಲೆ ವಿಭೂತಿ ಎಳೆಯಲು ಹೋದ. ಅದು ಹಿಡಿಯದೆ ಜಾರಿ ಹುಬ್ಬಿನ ಮೇಲೆ ಬಂದು ಕೂತಿತು.

ದೊಡ್ಡವ್ವನೂ ನಾನೂ ಹತ್ತಿರದ ಬೇವಿನ ಮರದ ಮರೆಯಲ್ಲಿದ್ದೆವು. ಮಹಾದೇವಿ ಹೊಲದ ಬದುವಿಗೆ ಬಂದಾಗ ದೊಡ್ಡಪ್ಪ ಅಲ್ಲಿ ನಿಂತಿದ್ದ. ಬೆಳೆಗೆ ದೃಷ್ಟಿ ತಾಗದಿರಲೆಂದು ಸುಣ್ಣದ ಗಡಿಗೆ ಬೋರಲು ಹಾಕಿ ನಿಲ್ಲಿಸುತ್ತಾರಲ್ಲ, ಹಾಗೆ. ಕಬ್ಬಿನ ಸಾಲಿನಿಂದ ಕೆಸರುಗಾಲಿನಲ್ಲಿ ಎದ್ದು ಬಂದ ಬಸು ಅಪ್ಪನ ಮುಖ ನೋಡಿ ತಲೆ ಮೇಲೆ ಕೈ ಹೊತ್ತ. ಹುಡುಗಿ ಆ ಮುಖವನ್ನೇ ದಿಟ್ಟಿಸುತ್ತಿದ್ದಳು. ನಾನು ಎಲ್ಲ ಮುಗಿಯಿತು ಎಂದುಕೊಂಡೆ. ದೊಡ್ಡಪ್ಪ ನಾಚಿಕೆಯಿಂದ ಟಾವೆಲ್ಲು ಮುಖಕ್ಕೆ ಅಡ್ಡ ಹಿಡಿದು ಹೇಳಿದ:

"ಏನೂ ತಿಳ್ಕೋಬ್ಯಾಡವಾ ತಂಗಿ. ನಿಮ್ಮ ಅತ್ತಿ ಹಚ್ಚಿ ಕಳಿಸ್ಯಾಳ."

ನಿಮ್ಮ ಅತ್ತಿ! ಇನ್ನೂ ಮಾತಾಗಿಲ್ಲ, ಎಲೆಅಡಿಕೆ ಬದಲಾಗಿಲ್ಲ, ಹುಡುಗಿ ಹೂಂ ಸಹ ಎಂದಿಲ್ಲ. ಹಾಗೆ ಸಂಬಂಧ ಹಚ್ಚಿ ಕರೆಯುವುದು ನಮ್ಮ ಕಡೆ ಬಹಳ ದೊಡ್ಡ ಮಾತು. ದೊಡ್ಡವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಮಹಾದೇವಿ ಚಪ್ಪಲಿ ಬಿಟ್ಟು ಕಾಲುವೆಗೆ ಇಳಿದು ಅಲ್ಲಿದ್ದ ಚರಿಗೆಯಲ್ಲಿ ನೀರು ತುಂಬಿಕೊಂಡು ಬಂದಳು.

"ತೊಳಕೊಳ್ರಿ ಮಾವಾರ. ಕಣ್ಣಾಗ ಹೋದೀತು."

ಆ ವರ್ಷ ಬಸವ ಜಯಂತಿಯ ನಂತರ ಲಗ್ನವಾಯಿತು. ಲಗ್ನದ ಫೋಟೊಗಳಲ್ಲಿ ಎಲ್ಲರಿಗೂ ಅವರವರ ಮುಖವೇ ಇದೆ. ಕನ್ಯೆ ಸಿಕ್ಕದ್ದು ತಾನು ಹಚ್ಚಿದ ಕ್ರೀಮಿನ ಗುಣದಿಂದ ಎಂದು ದೊಡ್ಡವ್ವ ಇಂದಿಗೂ ಓಣಿಯಲ್ಲಿ ಹೇಳುತ್ತಾಳೆ. ಲಗ್ನಕ್ಕೆ ಬಂದ ಗಂಡುಮಕ್ಕಳ ತಾಯಂದಿರು ಆ ಟ್ಯೂಬಿನ ಹೆಸರು ಕೇಳಿಕೊಂಡು ನನ್ನ ಹತ್ತಿರ ಬರುವುದೂ ಉಂಟು.

ಮೊನ್ನೆಯ ಆ ವಾಸನೆಯಿಂದಾಗಿ ಅವರೆಲ್ಲ ಬಹಳ ನೆನಪಾಗಿ ನಿನ್ನೆ ಬಸ್ಸು ಹಿಡಿದು ಹೋಗಿದ್ದೆ. ಮನೆಯಲ್ಲಿ ಯಾರೂ ಇರಲಿಲ್ಲ, ಹೊಲಕ್ಕೇ ಹೋದೆ. ದೊಡ್ಡವ್ವ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದಳು. ರಜೆ ಇತ್ತೇನೋ, ಮಹಾದೇವಿಯೂ ಬಸುವಿನ ಜೊತೆ ಕಬ್ಬಿನ ಒಣಗರಿಯ ರವದಿ ಎಳೆಯುತ್ತಿದ್ದಳು. ದೊಡ್ಡಪ್ಪ, ಬೇಡವೆಂದರೂ ಕೇಳದೆ, ದೂರದ ಬದುವಿನ ಮೇಲೆ ಕಸ ಕೀಳುತ್ತ ಕುಳಿತಿದ್ದ. ಮಹಾದೇವಿ ಇದ್ದಲ್ಲಿಂದಲೇ ಕೂಗಿದಳು, "ಮಾವಾರ, ಬಿಸಲ ಭಾಳ ಆತು, ಮಾರಿ ಸುಡತೈತಿ. ನೆಳ್ಳಿಗಿ ಬರ್ರಿ."

ಸೊಸೆ ಮಾವನಿಗೆ ದಿನವೂ ಹೇಳುವ ಮಾತೇ ಇರಬೇಕು. ದೊಡ್ಡಪ್ಪ ಬರುತ್ತೇನೆ ಎಂದು ಕೈ ಎತ್ತಿದ, ಏಳಲಿಲ್ಲ. ನನ್ನ ಪಕ್ಕದಲ್ಲಿ ದೊಡ್ಡವ್ವನ ಕೈ ರೊಟ್ಟಿಯ ಮೇಲೆಯೇ ನಿಂತಿತ್ತು.

"ಇಷ್ಟ ವರ್ಷ ಬುತ್ತಿ ಕಟಗೊಂಡ ಬಂದೇನಿ," ಎಂದಳು, ನನ್ನ ಕಡೆ ನೋಡದೆ. "ಒಂದ ದಿನಾ ಈ ಮಾತು ನನ್ನ ಬಾಯಾಗ ಬರಲಿಲ್ಲ ನೋಡವಾ."

ದೊಡ್ಡವ್ವ ಮೊಣಕಾಲಿನ ಮೇಲೆ ಕೈ ಊರಿ ಎದ್ದಳು. ಕರೆದರೆ ಬರುವ ಗಂಡಸಲ್ಲ ಅದು ಎಂದು ಗೊಣಗುತ್ತ, ಅವನನ್ನು ಎಬ್ಬಿಸಿಕೊಂಡು ಬರಲು ತಾನೇ ಬಿಸಿಲಿಗೆ ಇಳಿದಳು.