ಗುಡುಗಿಗೆ ಕಿತ್ತ ಪ್ಲಗ್ಗು

ಆ ಪೆನ್‌ಡ್ರೈವಿಗೆ ನಾನು ಕೊಟ್ಟದ್ದು ಮುನ್ನೂರ ಅರವತ್ತು ರೂಪಾಯಿ. ಮೊಬೈಲ್ ಅಂಗಡಿಯವನು ಐನೂರು ಹೇಳಿದ್ದ; ನಾನು ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ ಕೂಗಿ ಕರೆದ. ನಿಜ ಹೇಳಬೇಕೆಂದರೆ ಅದನ್ನು ಕೊಳ್ಳುವ ಅಗತ್ಯವೇ ಇರಲಿಲ್ಲ. ಗಿರಾಕಿಗಳು ಮರೆತುಹೋದ ಪೆನ್‌ಡ್ರೈವುಗಳು ಅಕ್ಕನ ಅಂಗಡಿಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಇದ್ದವು. ತೇವಕ್ಕೆ ಕೆಡದಿರಲೆಂದು ಡಬ್ಬಿಯಲ್ಲಿ ಹಿಡಿ ಅಕ್ಕಿ. ಒಂದೊಂದಕ್ಕೂ ದಾರ, ದಾರಕ್ಕೆ ಗಿರಾಕಿಯ ಊರಿನ ಹೆಸರಿನ ಚೀಟಿ. ನಾನು ಜಾವಳಿ ಎಂದು ಬರೆದಿದ್ದನ್ನು ಎತ್ತಿಕೊಂಡಿದ್ದೆನಷ್ಟೆ. ಟೋನರ್ ಪುಡಿ ಕೂತು ಉಗುರಿನ ಅಂಚೆಲ್ಲ ಕಪ್ಪಾಗಿದ್ದ ಕೈಯೊಂದು ಬಂದು ನನ್ನ ಮಣಿಕಟ್ಟು ಹಿಡಿಯಿತು.

"ಅದನ್ನ ಎಂತ ಮಾಡ್ತೀಯ?"

"ಇದ್ರಿಂದ್ಲೇ ಕಂಪ್ಯೂಟರ್ ಏಳೋ ಹಾಗೆ ಬೂಟೆಬಲ್ ಮಾಡ್ಬೇಕಲ್ಲ ಅಕ್ಕ. ನಿಮ್ಮ ಕಂಪ್ಯೂಟರಿಗೆ ಓಎಸ್ ಹಾಕಕ್ಕೆ."

"ಮಾಡಿದ್ರೆ ಒಳಗಿದ್ದದ್ದು?"

"ಅಳಿಸಿ ಹೋಗುತ್ತೆ. ಬಿಟ್ಟು ಹೋಗಿ ಎಷ್ಟು ಕಾಲ ಆಯ್ತು, ಇನ್ಯಾರು ಬರ್ತಾರೆ?"

"ಬಂದ್ರೆ ನೀ ಮುಖ ತೋರಿಸ್ತೀಯಾ? ಹೋಗು ಮಾರಾಯ, ಹೊಸದು ತಗೊಂಡ್ ಬಾ. ದುಡ್ಡು ನಾ ಕೊಡ್ತೀನಿ. ಚೌಕಾಸಿ ನೀನೇ ಮಾಡು, ಅದೊಂದು ನಿಂಗೆ ಚೆನ್ನಾಗಿ ಬರುತ್ತೆ."

ಕಳಸದ ಬಸ್ ನಿಲ್ದಾಣದ ಎದುರು ಜೆರಾಕ್ಸ್, ಟೈಪಿಂಗ್, ಪಾಸ್‌ಪೋರ್ಟ್ ಫೋಟೋ ಅಂಗಡಿ ಅವರದು. ಹಣೆಯಲ್ಲಿ ವಿಭೂತಿ, ಕತ್ತಿಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ. ಇಡೀ ಪೇಟೆಗೆ ಅವರು ಅಕ್ಕ, ಅವರಿಗಿಂತ ವಯಸ್ಸಾದವರಿಗೂ. ಕುದುರೆಮುಖದಲ್ಲಿ ಗಣಿ ನಿಂತು ಜನ ಕ್ವಾರ್ಟರ್ಸ್ ಖಾಲಿ ಮಾಡುತ್ತಿದ್ದ ಕಾಲದಲ್ಲಿ ನಾನು ಆ ಜನರ ಹಳೆ ಕಂಪ್ಯೂಟರುಗಳನ್ನು ಜೀಪಿನಲ್ಲಿ ಹೇರಿ ತಂದು ಮಾರಲು ಶುರುಮಾಡಿದೆ. ಕೂರಲು ಜಾಗವಿರಲಿಲ್ಲ. "ಮೂಲೇಲಿ ಕೂತ್ಕೋ, ಆದ್ರೆ ನನ್ನ ಗಿರಾಕಿಗಳ ಹತ್ರ ಸುಳ್ಳು ಹೇಳಿ ಮಾರ್ಬೇಡ" ಎಂದಷ್ಟೇ ಅಕ್ಕನ ಕರಾರು. ವ್ಯಾಪಾರದಲ್ಲಿ ಇಷ್ಟು ಕಷ್ಟದ ಕರಾರನ್ನು ನಾನು ಮತ್ತೆ ಕಂಡಿಲ್ಲ. ಕನ್ನಡ ಟೈಪಿಂಗ್ ಕಲಿಸಿದವರೂ ಅವರೇ. ಒತ್ತಕ್ಷರ ತಪ್ಪಿದರೆ ಸ್ಕೇಲಿನಿಂದ ಬೆರಳ ಮೇಲೆ ಮೆಲ್ಲಗೆ ಬಡಿಯುತ್ತಿದ್ದರು.

ಅವರಲ್ಲಿ ಮೊದಮೊದಲು ನನಗೆ ಅರ್ಥವಾಗದ ಒಂದು ಗುಣವಿತ್ತು: ಯಾರ ಫೋಟೋವನ್ನೂ ಅಳಿಸುತ್ತಿರಲಿಲ್ಲ. ಬ್ಯಾಂಕಿಗೆ, ರೇಷನ್ ಕಾರ್ಡಿಗೆ, ಪರೀಕ್ಷೆಗೆ ಎಂದು ಬಂದವರೆಲ್ಲರ ಮುಖ ಆ ಒಂದೇ ಯಂತ್ರದಲ್ಲಿ ವರ್ಷದ ಪ್ರಕಾರ ಕೂತಿತ್ತು. ಡಿಸ್ಕ್ ತುಂಬಿತು, ಹಳೆಯದನ್ನು ತೆಗೆಯಿರಿ ಎಂದರೆ, "ಅಳಿಸೋದು ಯಾವಾಗ್ಲಾದ್ರೂ ಆಗುತ್ತೆ ಬಿಡು" ಎನ್ನುತ್ತಿದ್ದರು. ಯಾರದಾದರೂ ಮನೆಯಲ್ಲಿ ಸಾವಾದರೆ ಆ ಮಾತು ಏಕೆಂದು ತಿಳಿಯುತ್ತಿತ್ತು. ತಿಥಿಯ ಕಾರ್ಡಿಗೆ ಹಾಕಲು, ಗೋಡೆಗೆ ತೂಗಲು ಒಂದು ನೆಟ್ಟಗಿನ ಫೋಟೋ ಮನೆಯಲ್ಲಿರುವುದಿಲ್ಲ. ಅಕ್ಕನ ಹತ್ತಿರ ಇರುತ್ತಿತ್ತು.

ಆ ಏಪ್ರಿಲ್‌ನಲ್ಲಿ ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಿಂದ ಒಬ್ಬ ಹೆಂಗಸು ಬಂದಳು. ಕಂಕುಳಲ್ಲಿ ಎರಡು ವರ್ಷದ ಮಗಳು. ಗಂಡ ನೆರಳಿನ ಮರದ ಕೊಂಬೆ ಕಡಿಯಲು ಹತ್ತಿ ಬಿದ್ದು ತೀರಿಕೊಂಡಿದ್ದ. ಜೇಬಿನಲ್ಲಿದ್ದ ಫೋನೂ ಪುಡಿಯಾಗಿತ್ತು. ಮದುವೆ ದೇವಸ್ಥಾನದಲ್ಲಿ ಆದದ್ದು, ಫೋಟೋ ತೆಗೆಸಿರಲಿಲ್ಲ. ಆಧಾರ್ ಕಾರ್ಡಿನಲ್ಲಿದ್ದದ್ದು ಮುಖವೋ ಮಸಿಯೋ ಹೇಳುವಂತಿರಲಿಲ್ಲ.

"ಬ್ಯಾಂಕಿಗೆ ಅಂತ ನಿಮ್ಮತ್ರ ತೆಗೆಸಿದ್ರು ಅಕ್ಕೋರೆ. ದೊಡ್ಡದಾಗಿ ಒಂದು ಮಾಡಿ ಕೊಡಿ. ಇವಳಿಗೆ ಅಪ್ಪನ ಮುಖ ಗೊತ್ತಾಗ್ಬೇಕಲ್ಲ."

ಯಂತ್ರ ಹಿಂದಿನ ದಿನವೇ ಕೈಕೊಟ್ಟಿತ್ತು. ಒತ್ತಿದರೆ ಕಪ್ಪು ಪರದೆ, ಒಳಗೆ ಟಿಕ್ ಟಿಕ್ ಸದ್ದು. ಅಕ್ಕ ಅವಳಿಗೆ, "ನಾಳಿದ್ದು ಬಾ, ಇರುತ್ತೆ" ಎಂದು ಹೇಳಿ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. ಹೊಸ ಪೆನ್‌ಡ್ರೈವ್ ಬಂದದ್ದು ಹಾಗೆ.

ನನ್ನ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ತುಂಬಿಸಿ, ಅವರ ಯಂತ್ರಕ್ಕೆ ಚುಚ್ಚಿ ಚಾಲೂ ಮಾಡಿದೆ. ಪರದೆಯ ಮೇಲೆ ಎರಡು ಆಯ್ಕೆ ಬಂತು: ಡಿಸ್ಕಿಗೆ ಹಾಕುವುದು, ಇಲ್ಲವೇ ಏನನ್ನೂ ಮುಟ್ಟದೆ ಪೆನ್‌ಡ್ರೈವಿನಿಂದಲೇ ನಡೆಸುವುದು. ಅಕ್ಕ ಕನ್ನಡಕ ಏರಿಸಿ ಓದಿ, ಎರಡನೆಯದರ ಮೇಲೆ ಕಪ್ಪು ಉಗುರಿಟ್ಟರು. "ಇದು. ಮೊದ್ಲು ಎಲ್ರನ್ನೂ ಹೊರಗೆ ತರೋಣ. ಮನೆ ರಿಪೇರಿ ಆಮೇಲೆ."

ಹೊರಗೆ ತರಲು ನನ್ನ ಇನ್ನೊಂದು ಡಿಸ್ಕನ್ನು ಜೋಡಿಸಿದೆವು. ಫೋಟೋಗಳಿಗೆ ಹೆಸರಿರಲಿಲ್ಲ, ಬರೀ ನಂಬರು. "ಅವನ್ದು ಮೊದ್ಲು ಹುಡುಕೋಣ" ಎಂದೆ. ಒಂದೊಂದೇ ತೆರೆದು ನೋಡುತ್ತ ಕೂತರೆ ಸೋತ ಡಿಸ್ಕ್ ಇನ್ನಷ್ಟು ಸೋಲುತ್ತದೆ, ಸಾಲಾಗಿ ಎಲ್ಲ ಬರಲಿ, ಆಮೇಲೆ ಹುಡುಕಿದರಾಯಿತು ಎಂದರು ಅಕ್ಕ. ಆ ಮಾತೂ ಸರಿಯೇ ಇತ್ತು. ಹಳೆಯ ವರ್ಷದಿಂದ ಒಂದೊಂದೇ ವರ್ಷ ಬರತೊಡಗಿತು. ನನ್ನ ಡಿಸ್ಕಿಗೆ ಬಂದವನ್ನು ತೆರೆದು ನೋಡುವಾಗ ತೀರಿಕೊಂಡವರ ಮುಖ ಕಂಡರೆ ಅಕ್ಕ ಪರಿಚಯದವರು ಬಸ್ಸಿಳಿದಂತೆ ಮಾತಾಡಿಸುತ್ತಿದ್ದರು. "ಓ, ಮೀನಿನ ಸಾಬರು! ಫೋಟೋಕ್ಕೆ ಅಂತ ಕೋಟು ಸಾಲ ತಂದಿದ್ರು."

ಮಧ್ಯಾಹ್ನ ದಾಟಿತ್ತು. ಮೋಡ ಕಟ್ಟಿದ್ದು ನಮಗೆ ಕಾಣಲಿಲ್ಲ.

ನಮ್ಮ ಕಡೆ ಸಿಡಿಲಿಗೆ ಒಂದಾದರೂ ಟಿವಿ ಕಳೆದುಕೊಳ್ಳದ ಮನೆಯಿಲ್ಲ. ಮೊದಲ ಗುಡುಗಿಗೇ ಕೈ ತಾನಾಗಿ ಪ್ಲಗ್ಗಿಗೆ ಹೋಗುತ್ತದೆ. ಅನ್ನ ಬಡಿಸುತ್ತಿದ್ದವರೂ ಸೌಟು ಬಿಟ್ಟು ಓಡುತ್ತಾರೆ. ನೆತ್ತಿಯ ಮೇಲೇ ಗುಡುಗಿತು. ಅಕ್ಕ ಎದ್ದರು, ಕಿತ್ತರು. ನನ್ನ ಬಾಯಿಂದ "ಅಕ್ಕಾ" ಬರುವಷ್ಟರಲ್ಲಿ ವಯರು ಅವರ ಕೈಯಲ್ಲಿತ್ತು. ಯುಪಿಎಸ್‌ನ ಬ್ಯಾಟರಿ ಹಿಂದಿನ ಮಳೆಗಾಲದಲ್ಲೇ ಸತ್ತಿತ್ತು.

ಮಳೆ ನಿಂತ ಮೇಲೆ ಮತ್ತೆ ಹಾಕಿದೆವು. ಪೆನ್‌ಡ್ರೈವ್ ಎದ್ದಿತು, ಡಿಸ್ಕ್ ಏಳಲಿಲ್ಲ. ಟಿಕ್ ಸದ್ದೂ ಇಲ್ಲ. ಮರುದಿನ ಮೂಡಿಗೆರೆಗೆ ಒಯ್ದೆ, ಚಿಕ್ಕಮಗಳೂರಿಗೆ ಒಯ್ದೆ. ಎಲ್ಲರೂ ಆಗದೆಂದು ತಲೆಯಾಡಿಸಿದರು. ಹೊರಗೆ ಬಂದದ್ದು ಹಳೆಯ ವರ್ಷಗಳಷ್ಟೆ. ಆ ಹೆಂಗಸಿನ ಗಂಡ ಇತ್ತೀಚಿನವನು.

ಅವಳೇ ಬರಲೆಂದು ಕಾಯಲೂ, ಫೋನಿನಲ್ಲಿ ಹೇಳಲೂ ಅಕ್ಕ ಒಪ್ಪಲಿಲ್ಲ. ಅವಳು ಬಿಟ್ಟುಹೋಗಿದ್ದ ಆಧಾರ್ ಕಾರ್ಡಿನ ಮಸಿಯನ್ನೇ ಸ್ಕ್ಯಾನ್ ಮಾಡಿ, ನನ್ನ ಲ್ಯಾಪ್‌ಟಾಪಿನಲ್ಲಿ ಕಣ್ಣು ತಿದ್ದಿ ತುಟಿ ತಿದ್ದಿ ಒಂದು ಮುಖ ಮಾಡಿದರು. ಕಟ್ಟು ಹಾಕಿಸಿ, ಜೀಪು ಹತ್ತಿ ಲೈನ್ ಮನೆಗೆ ನಾವೇ ಹೋದೆವು. ಆದದ್ದನ್ನು ಆದ ಹಾಗೇ ಹೇಳಿದರು. ಹೆಂಗಸು ಫೋಟೋವನ್ನು ಬಹಳ ಹೊತ್ತು ನೋಡಿದಳು.

"ಗುಡುಗಿಗೆ ಯಾರು ಕೀಳಲ್ಲ ಹೇಳಿ ಅಕ್ಕೋರೆ. ಇವ್ರಂಗೇ ಇದೆ, ಬಿಡಿ" ಎಂದು ಸೆರಗಿನಲ್ಲಿ ಗಾಜು ಒರೆಸಿ ಮಗಳಿಗೆ ತೋರಿಸಿದಳು. ಮಗು ನೋಡಿ, ಮುಖ ತಿರುಗಿಸಿಕೊಂಡಿತು.

ವಾಪಸ್ ಬರುವಾಗ ಜೀಪಿನಲ್ಲಿ ಅಕ್ಕ ಒಂದೇ ಮಾತಾಡಿದರು: "ಅದು ಅವನಲ್ಲ ಮಾರಾಯ. ಬ್ಯಾಂಕಿಗೆ ಕಣೋ, ನಗಬೇಡ ಅಂದ್ರೂ ಅವ ನಕ್ಕಿದ್ದ."

ಆಮೇಲೆ ಅವರು ಅಂಗಡಿಯಲ್ಲಿ ಯಾವ ಸ್ವಿಚ್ಚನ್ನೂ ಮುಟ್ಟಲಿಲ್ಲ. ಗುಡುಗಿದರೆ ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿದು ಕೂತಿರುತ್ತಿದ್ದರು. ಕೀಳುವುದು ನನ್ನ ಕೆಲಸವಾಯಿತು. ಹೊಸ ಯಂತ್ರ ಅಗ್ಗಕ್ಕೆ ತಂದುಕೊಟ್ಟೆ. ಫೋಟೋ ತೆಗೆಯುವಾಗ ಮಾತ್ರ, "ನಗು, ನಗು, ಪರ್ವಾಗಿಲ್ಲ" ಎನ್ನತೊಡಗಿದರು. ಬ್ಯಾಂಕಿನವರು ಅಂಥ ಎಷ್ಟೋ ಫೋಟೋಗಳನ್ನು ವಾಪಸ್ ಕಳಿಸಿದರು. ಎರಡು ಮಳೆಗಾಲ ದಾಟಿದ ಮೇಲೆ ಉಸಿರಿನ ತೊಂದರೆ ಹೆಚ್ಚಾಗಿ ತಮ್ಮನ ಮನೆಯಲ್ಲಿ ತೀರಿಕೊಂಡರು. ಅವರ ಶಿವಗಣಾರಾಧನೆಯ ಕಾರ್ಡನ್ನು ನಾನೇ ಟೈಪ್ ಮಾಡಿದೆ. ಒತ್ತಕ್ಷರ ನೋಡಲು ಯಾರೂ ಇರಲಿಲ್ಲವೆಂದು ಎರಡು ಸಲ ಓದಿದೆ.

ನಾನು ವ್ಯಾಪಾರಸ್ಥ, ಪುಕ್ಕಟೆ ಸಲಹೆ ಕೊಡುವವನಲ್ಲ. ಇದನ್ನು ಕೊಡುತ್ತೇನೆ. ಹಳೆ ಯಂತ್ರಕ್ಕೆ ಓಎಸ್ ಹಾಕುವ ಕೆಲಸವನ್ನು ಬೇಸಿಗೆ ಮಳೆಯ ಕಾಲದಲ್ಲಿ ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನಕ್ಕೆ ಬಿಡಬೇಡಿ. ಯುಪಿಎಸ್ ಇದ್ದರೆ ಸಾಲದು, ಅದರ ಬ್ಯಾಟರಿಗೆ ಜೀವವಿದೆಯೇ ನೋಡಿ. ಡಿಸ್ಕ್ ಸದ್ದು ಮಾಡುತ್ತಿದ್ದರೆ ಸಾಲು, ನ್ಯಾಯ ಅಂತ ನೋಡಬೇಡಿ. ಯಾರು ಬಾಗಿಲಲ್ಲಿ ಕಾಯುತ್ತಿದ್ದಾರೋ ಅವರದ್ದನ್ನು ಮೊದಲು ಹೊರಗೆ ತನ್ನಿ. ಇನ್ನೊಂದು. ಮನೆಯಲ್ಲಿರುವವರ ಮುಖವನ್ನು ಈ ವಾರವೇ ಕಾಗದದ ಮೇಲೆ ಹಾಕಿಸಿ. ತಲೆ ಬಾಚಿಲ್ಲ, ಆಮೇಲೆ ನೋಡೋಣ ಅನ್ನುತ್ತಾರೆ. ಬಾಚದಿದ್ದರೂ ಹಾಕಿಸಿ.