ದೊಡ್ಡಪ್ಪನ ಅರ್ಧ ಕುದುರೆ

ನಮ್ಮ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಹುಲ್ಲು ಕತ್ತರಿಸುವ ಮಿಷನ್ ಓಡಿದಾಗಲೆಲ್ಲ, ಎಣ್ಣೆ ಬೆರೆಸಿದ ಪೆಟ್ರೋಲಿನ ಹೊಗೆ ಮೂರನೆಯ ಮಹಡಿಯವರೆಗೂ ಏರಿ ಬರುತ್ತದೆ. ಉಳಿದವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಇದೇ ಜಾಗದಲ್ಲಿದ್ದ ನಮ್ಮ ಹೆಂಚಿನ ಮನೆ ಕಣ್ಣಿಗೆ ಕಟ್ಟುತ್ತದೆ. ಅದರ ಹಿತ್ತಲಿನಲ್ಲಿ, ನೀರು ತುಂಬಿದ ಡ್ರಮ್ಮಿಗೆ ಹಳೆಯ ದೋಣಿ ಮೋಟಾರು ಸಿಕ್ಕಿಸಿ, ಅದರ ಸದ್ದಿಗೆ ಕಿವಿಗೊಟ್ಟು ಕೂತ ದೊಡ್ಡಪ್ಪನೂ. ಜಿಗಣಿಯ ಆಸುಪಾಸಿನಲ್ಲಿ ಅವನಷ್ಟು ದೊಡ್ಡ ಪೆದ್ದ ಇನ್ನೊಬ್ಬನಿರಲಿಲ್ಲ ಎಂಬ ನನ್ನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ.

ಕೆರೆ ಕೋಡಿ ಬಿದ್ದ ವರ್ಷ ಗಂಗಮ್ಮನನ್ನು ತೆಪ್ಪದಲ್ಲಿ ಕೂರಿಸಿ, ದೀಪ ಹಚ್ಚಿ, ಸಂಜೆ ಕೆರೆಯ ಸುತ್ತು ಹಾಕಿಸುವುದು ನಮ್ಮೂರ ಪದ್ಧತಿ. ತೆಪ್ಪ ಎಳೆಯುವ ದೋಣಿ ನಮ್ಮ ಮನೆಯದು. ದೀಪ ಉರಿಯುತ್ತಲೇ ದಡಕ್ಕೆ ಮರಳಬೇಕು. ಆರಿದರೆ ಆ ಹಕ್ಕು ಮೇಲಿನ ಬೀದಿಯವರ ಪಾಲು. ಅಜ್ಜಿಗೆ ಮನೆಯ ಮಾನವೆಂದರೆ ಅದೊಂದೇ. ತಾತ ಬಿದಿರಿನ ಗಳು ಹಾಕಿ ನಡೆಸುತ್ತಿದ್ದ ದೋಣಿಗೆ ದೊಡ್ಡಪ್ಪ ಗುಜರಿಯಿಂದ ಮೋಟಾರು ತಂದು ಕಟ್ಟಿದ. ಮೇಲಿನ ಬೀದಿಯವನೊಬ್ಬ, “ಏನ್ ಗುರು, ಹೊಲಿಗೆ ಮಿಷನ್ ಕಟ್ಟಿದ್ಯಾ?” ಎಂದು ನಕ್ಕದ್ದೇ ತಡ, ನಮ್ಮ ಹಿತ್ತಲಿನ ನೆಮ್ಮದಿ ಹಾಳಾಯಿತು. ದೊಡ್ಡಪ್ಪ ಮೋಟಾರಿನ ಸಿಲಿಂಡರ್ ತಲೆಯನ್ನು ಲೇತಿನಲ್ಲಿ ಕೂದಲೆಳೆಯಷ್ಟು ಸವೆಸಿಕೊಂಡು ಬಂದ. ಹೊಗೆ ಹೋಗುವ ಕಿಂಡಿಗಳನ್ನು ಅರದಿಂದ ಉಜ್ಜಿ ನುಣುಪು ಮಾಡಿದ. ಕಾರ್ಬ್ಯುರೇಟರನ್ನು ಬಿಚ್ಚಿ ಅಮ್ಮನ ದೋಸೆ ಕಾವಲಿಯ ಪಕ್ಕದಲ್ಲೇ ಹರವಿದ. ಇಷ್ಟೆಲ್ಲ ಏತಕ್ಕೆ? ಹೆಚ್ಚೆಂದರೆ ಅರ್ಧ ಕುದುರೆಯ ಶಕ್ತಿ ಕೂಡಿಸಲಿಕ್ಕೆ.

“ಗಂಗಮ್ಮ ಏನ್ ಎಬ್ಬಗೋಡಿ ಬಸ್ ಇಡೀಬೇಕೇನ್ಲಾ?” ಎಂದಳು ಅಜ್ಜಿ.

“ಸುಮ್ಕಿರವ್ವ, ಅರ್ಧ ಕುದ್ರೆ ಅಂದ್ರೆ ಕಮ್ಮೀನಾ?”

ಕಮ್ಮಿಯಲ್ಲ, ನಿಜ. ಆ ವರ್ಷದ ತೆಪ್ಪದ ಸಂಜೆ ಮೋಟಾರು ಕಿರುಚಿಕೊಂಡು ಓಡಿತು. ದೊಡ್ಡಪ್ಪ ಎದೆಯುಬ್ಬಿಸಿ ನಿಂತು, ದಡದ ಜನಕ್ಕೆ ಕೈ ಬೀಸುತ್ತ, ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಹಿಂದೆ ಹಗ್ಗದ ತುದಿಯಲ್ಲಿ ತೆಪ್ಪ ಕುಣಿಯುತ್ತಿತ್ತು, ಗಂಗಮ್ಮನ ಸೀರೆ ಪಟಪಟನೆ ಹಾರುತ್ತಿತ್ತು, ತೂಬಿನ ಬಳಿ ತಿರುಗುವಷ್ಟರಲ್ಲಿ ಗಾಳಿಗೆ ದೀಪ ಆರಿಯೇ ಹೋಯಿತು. ಊರಿಗೆ ಊರೇ ಕೂಗಿಕೊಂಡಿತು. ಅದು ತನ್ನ ವೇಗಕ್ಕೆ ಸಿಕ್ಕ ಶಭಾಷ್‌ಗಿರಿ ಎಂದುಕೊಂಡು ಪುಣ್ಯಾತ್ಮ ಇನ್ನಷ್ಟು ಓಡಿಸಿದ. ದಡದಲ್ಲಿ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಹಕ್ಕು ಮೇಲಿನ ಬೀದಿಗೆ ಹೋಯಿತು. ಆದರೆ ಅವರಿಗೂ ದಕ್ಕಲಿಲ್ಲ. ಆಮೇಲೆ ಕೆರೆಗೆ ಬಂದದ್ದೆಲ್ಲ ಮೋರಿಯ ನೀರು, ಕಾರ್ಖಾನೆಗಳ ನೊರೆ. ನಿಮ್ಮೂರ ಕೆರೆಗೂ ಇದೇ ಗತಿಯಾಗಿದ್ದರೆ ನಾನು ಹೇಳಬೇಕಾದ್ದೇನಿಲ್ಲ. ಆ ನೊರೆಗೆ ದೇವಿಯನ್ನು ಇಳಿಸುವಷ್ಟು ಗಟ್ಟಿ ಎದೆ ಯಾರಿಗೂ ಇರಲಿಲ್ಲ. ದೊಡ್ಡಪ್ಪನಿಗೆ ನಾಚಿಕೆಯಾಯಿತೇ? ಎಲ್ಲಿಯ ಮಾತು! ಸಾಯುವವರೆಗೂ ಟೀ ಅಂಗಡಿಯಲ್ಲಿ ಕೂತು, “ಕಡೇ ಸುತ್ತು ಆಕ್ಸಿದ್ದು ನಾನೇ ಕಣ್ರೀ” ಎಂದು ಮೀಸೆ ತಿರುವುತ್ತಿದ್ದ. ಕೇಳಿದಾಗಲೆಲ್ಲ ನನಗೆ ಮೈಯುರಿಯುತ್ತಿತ್ತು.

ಅಜ್ಜಿ ಅವನನ್ನು ಮತ್ತೆ ಬೈಯಲೇ ಇಲ್ಲ. ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡು, “ಅದೇ ಕಡೇದು ಅಂತ ಗೊತ್ತಿದ್ರೆ ನಾನೇ ನೀರ್ಗಿಳ್ದು ದೀಪ ಅಚ್ತಿದ್ದೆ ಕಣಮ್ಮಿ,” ಎಂದಳು. “ಅವಳ್ನ ಕತ್ಲಲ್ಲೇ ಕಳ್ಸಿಬಿಟ್ವಿ.”