ನಂಜುಂಡನ ನೀಲಿ ಕಾರು

ನನ್ನ ಗೆಳೆಯ ನಂಜುಂಡ ತನ್ನ ಹಳೇ ಬೆಂಜ್ ಕಾರಿಗೆ ಹೊಸದಾಗಿ ಕಡುನೀಲಿ ಬಣ್ಣ ಹೊಡೆಸಿದ್ದ. ಯಾರಾದರೂ ಬೆರಳು ತಾಗಿಸಿದರೂ ಬೈಯುತ್ತಿದ್ದ. ನನ್ನದೂ ಅದೇ ಕಾಲದ ಕಾರು. ಭಾನುವಾರ ಇಬ್ಬರೂ ಒಟ್ಟಿಗೆ ಸುತ್ತಾಡಲು ಹೊರಡುತ್ತಿದ್ದೆವು.

ಅಂಥ ಒಂದು ಭಾನುವಾರ ಹೂಡಿ ಬಡಾವಣೆ ಹತ್ತಿರ ಫ್ಲೈಓವರ್ ಇಳಿಯುವಾಗ ನನ್ನ ಬ್ರೇಕ್ ಕೈಕೊಟ್ಟಿತು. ಹ್ಯಾಂಡ್‌ಬ್ರೇಕೂ ಹಿಡಿಯಲಿಲ್ಲ. ಕೆಳಗೆ ಸಿಗ್ನಲ್‌ನಲ್ಲಿ ಬೈಕುಗಳು ಒತ್ತೊತ್ತಾಗಿ ನಿಂತಿದ್ದವು. ನನ್ನ ಮುಂದೆ ನಂಜುಂಡ ಹೋಗುತ್ತಿದ್ದ. ಹಾರ್ನ್ ಒತ್ತಿ, ಕಿಟಕಿಯಿಂದ ತಲೆ ಹೊರಹಾಕಿ ಕಿರುಚಿದೆ: "ಬ್ರೇಕ್ ಹಿಡೀತಿಲ್ಲ ಕಣೋ! ಪಕ್ಕಕ್ಕೆ ಹೋಗು!"

ಅವನು ಪಕ್ಕಕ್ಕೆ ಹೋಗಲಿಲ್ಲ. ವೇಗ ತಗ್ಗಿಸಿ, ಕಾರನ್ನು ನೇರ ನನ್ನೆದುರಿಗೇ ತಂದು ಕೈಬೀಸಿದ. "ನಂಗೇ ಗುದ್ದು ಬಾ!"

ನನ್ನ ಕಾರು ಅವನದರ ಹಿಂಭಾಗಕ್ಕೆ ಒತ್ತಿಕೊಂಡಿತು. ಅವನು ಬ್ರೇಕ್ ಮೇಲಿಟ್ಟ ಕಾಲು ತೆಗೆಯಲೇ ಇಲ್ಲ. ಕಿರ್ರೆಂದು ಉಜ್ಜಿಕೊಂಡು ಎರಡೂ ಕಾರು ಬೈಕುಗಳ ಹಿಂದೆಯೇ ನಿಂತವು.

ಇಳಿದು ನೋಡಿದರೆ ನೀಲಿ ಬಣ್ಣ ಚಕ್ಕೆಚಕ್ಕೆಯಾಗಿ ಎದ್ದಿತ್ತು.

"ನಿನ್ನ ಬಣ್ಣ ಹೋಯ್ತಲ್ಲೋ" ಎಂದೆ.

"ಬಣ್ಣ ಮತ್ತೆ ಹೊಡೀಬಹುದು ಮಗಾ. ನೀನು ಮೊದ್ಲು ಕೂತ್ಕೊಂಡು ನೀರು ಕುಡಿ."

ಬಣ್ಣ ನಾನೇ ಹೊಡೆಸುತ್ತೇನೆ ಎಂದು ಹಟ ಹಿಡಿದು, ಅವನ ಕಾರನ್ನು ದೊಡ್ಡನೆಕ್ಕುಂದಿಯ ಗ್ಯಾರೇಜಿಗೆ ಬಿಟ್ಟೆ. ಅಲ್ಲಿನ ಪೇಂಟರ್ ಎಷ್ಟು ಸಲ ಬಣ್ಣ ಬೆರೆಸಿದರೂ ನಂಜುಂಡ ಒಪ್ಪುತ್ತಿಲ್ಲ; ಆ ನೀಲಿ ಬಂದಿಲ್ಲ ಅನ್ನುತ್ತಾನೆ. ಪೇಂಟರ್ ನಿನ್ನೆ ನನಗೆ ಕೈಮುಗಿದ.

"ಸಾರ್, ನೀವು ಬೇರೆ ಯಾರಿಗಾದ್ರೂ ಗುದ್ದಬಾರ್ದಿತ್ತಾ?"